ನಮ್ಮ ನುಡಿಯ ಅನುಕರಣ ಶಬ್ದಗಳು

ರಾಜ್ಯೋತ್ಸವ ಸಂಚಿಕೆಗೆ ಇತಿಹಾಸವನ್ನು ಕುರಿತು ಏನಾದರೂ ಬರೆದುಕೊಡಿರೆಂದು ಸಂಘದ ಹಿರಿಯರು ಅಪ್ಪಣೆ ಮಾಡಿದಾಗ ನಾವು ಸ್ವಲ್ಪ ಯೋಚನೆಗೆ ಬಿದ್ದೆವು. ಕದಂಬರನ್ನೂ ಚಾಲುಕ್ಯರನ್ನೂ ವಿಜಯನಗರವನ್ನೂ ಕುರಿತು ಬಲ್ಲವರು ಬರೆದಿರುವರು, ಮುಂದೆಯೂ ಬರೆಯುವರು. ನಾವಾದರೋ ವಾಣಿಜ್ಯಶಾಸ್ತ್ರದಲ್ಲಿ ಪದವಿ ಪಡೆದು, ಪುಣೆಯ ಒಂದು ಬ್ಯಾಂಕಿನಲ್ಲಿ ದಿನವೆಲ್ಲ ಜಮಾಖರ್ಚು ಹೊಂದಿಸುತ್ತ ಕೂಡುವ ಗುಮಾಸ್ತರು. ಶಾಸನ ಓದುವ ಶಕ್ತಿಯಾಗಲಿ, ತಾಳೆಯೋಲೆ ಬಿಡಿಸುವ ತಾಳ್ಮೆಯಾಗಲಿ ನಮಗಿಲ್ಲ. ಆದರೆ ಈ ವರ್ಷದ ಮಳೆಗಾಲದಲ್ಲಿ ನಮ್ಮ ಮನೆಯಲ್ಲಿಯೇ ನಡೆದ ಒಂದು ಸಣ್ಣ ಸಂಗತಿ ನಮ್ಮನ್ನು ಒಂದು ವಿಚಾರಕ್ಕೆ ಹಚ್ಚಿತು. ಅದರ ಬೆನ್ನು ಹತ್ತಿ ಹೋದಾಗ ಎರಡು ಸಾವಿರ ವರ್ಷಗಳಿಗೂ ಮಿಕ್ಕಿದ ಒಂದು ಇತಿಹಾಸವೇ ಕಣ್ಣಿಗೆ ಬಿದ್ದಿತು. ಅದನ್ನು ನಮ್ಮ ಅಲ್ಪಮತಿಗೆ ತಿಳಿದಷ್ಟು ವಾಚಕರ ಮುಂದಿಡುತ್ತೇವೆ.

ನಮ್ಮ ತಾಯಿಯವರು ಗದಗಿನ ಕಡೆಯ ಒಂದು ಹಳ್ಳಿಯಲ್ಲಿರುವರು. ಕಣ್ಣಿಗೆ ಪೊರೆ ಬಂದು, ಶಸ್ತ್ರಕ್ರಿಯೆ ಆದ ಮೇಲೆಯೂ ದೃಷ್ಟಿ ಪೂರ್ತಿ ತಿರುಗಿ ಬರಲಿಲ್ಲ. ಆದ್ದರಿಂದ ಅವರ ಪಾಲಿಗೆ ಪುಣೆ ಎಂದರೆ ಟೆಲಿಫೋನಿನಲ್ಲಿ ಕೇಳಿಸುವಷ್ಟು ಪುಣೆ. ಪ್ರತಿ ಭಾನುವಾರ ಸಂಜೆ ಎಂಟು ವರ್ಷದ ನಮ್ಮ ಮಗಳೊಡನೆ ಮಾತಾಡುವುದು ಅವರ ವಾಡಿಕೆ. ಆ ದಿನ ಇಲ್ಲಿ ಮಳೆ ಹಿಡಿದಿತ್ತು.

“ಮಳಿ ಹೆಂಗ ಬರಾಕತ್ತೈತಿ ಯವ್ವಾ?” ಎಂದು ಅಜ್ಜಿ ಕೇಳಿದರು.

“ಭಾಳ ಜೋರ ಐತಿ, ಅಜ್ಜಿ.”

“ಜೋರ ಅಂದ್ರ? ಧೋ ಅಂತ ಸುರಿಯಾಕತ್ತೈತೋ, ರಪರಪ ಹೊಡಿಯಾಕತ್ತೈತೋ, ಇಲ್ಲಾ ಜಿಟಿಜಿಟಿ ಹಿಡದೈತೋ?”

ಹುಡುಗಿ ಕಿಟಕಿಯ ಕಡೆ ನೋಡಿದಳು. ನಮ್ಮ ಕಡೆ ನೋಡಿದಳು. “ಜೋರ ಅಂದ್ರ ಜೋರ,” ಎಂದಳು. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ಇರ್ಲಿ ಬಿಡವ್ವಾ, ಊಟ ಆತೇನು?” ಎಂಬ ಬೇರೆ ಪ್ರಶ್ನೆ ಬಂದಿತು.

ಮಗಳ ಕನ್ನಡದಲ್ಲಿ ತಪ್ಪು ಹಿಡಿಯುವಂತಹುದು ಏನೂ ಇರಲಿಲ್ಲ. ಕರ್ತೃ ಇತ್ತು, ಕ್ರಿಯಾಪದವಿತ್ತು. ರಜೆಯ ದಿನಗಳಲ್ಲಿ ನಾವೇ ಕೂಡಿಸಿಕೊಂಡು ಕಲಿಸಿದ ವರ್ಣಮಾಲೆಯೂ ಅವಳಿಗೆ ಬರುತ್ತದೆ. ‘ಜೋರು’ ಎಂಬುದು ಪಾರಸಿಯಿಂದ ಬಂದು ನಮ್ಮಲ್ಲಿ ಮನೆಮಾಡಿದ ಒಳ್ಳೆಯ ಶಬ್ದವೇ. ಆದರೆ ಅದು ಮಳೆಯ ಅಳತೆಯನ್ನಷ್ಟೇ ಹೇಳುತ್ತದೆ, ಮಳೆಯನ್ನು ಕಾಣಿಸುವುದಿಲ್ಲ. ಕಣ್ಣು ಮಂಜಾದ ಮುದುಕಿ ಮೊಮ್ಮಗಳ ಬಾಯಿಂದ ಪುಣೆಯ ಮಳೆಯನ್ನು ನೋಡಲು ಬಯಸಿದ್ದರು. ಅದು ಅವರಿಗೆ ಸಿಕ್ಕಲಿಲ್ಲ.

ಶಾಸ್ತ್ರಕಾರರ ಹಳೆಯ ವಾದ

ಧೋ, ರಪರಪ, ಜಿಟಿಜಿಟಿ ಮುಂತಾದ ಇಂಥ ಮಾತುಗಳಿಗೆ ನಮ್ಮ ವ್ಯಾಕರಣದಲ್ಲಿ ‘ಅನುಕರಣ ಶಬ್ದ’ಗಳೆಂದು ಹೆಸರು. ಕಿವಿಗೆ ಬಿದ್ದ ಸಪ್ಪಳವನ್ನು ನಾಲಗೆಯಿಂದ ತಿರುಗಿ ಆಡುವುದೇ ಅನುಕರಣ. ಇವು ಮಕ್ಕಳ ಆಟದ ಮಾತುಗಳೆಂದು ಕೆಲವರು ತಿಳಿದಿರಬಹುದು. ಆದರೆ ನಮ್ಮ ದೇಶದ ಮಹಾಪಂಡಿತರು ಇವುಗಳ ವಿಷಯದಲ್ಲಿ ಕ್ರಿಸ್ತಪೂರ್ವದ ಕಾಲದಲ್ಲಿಯೇ ವಾದ ಮಾಡಿದ್ದುಂಟು.

ವೇದದ ಶಬ್ದಗಳಿಗೆ ನಿರ್ವಚನ ಹೇಳಿದ ಯಾಸ್ಕನು ತನ್ನ ನಿರುಕ್ತದಲ್ಲಿ ‘ಕಾಕ’ ಎಂಬ ಹೆಸರು ಕಾಗೆಯ ಕೂಗಿನ ಅನುಕರಣವೆಂದೂ, ಹಕ್ಕಿಗಳ ಹೆಸರುಗಳಲ್ಲಿ ಇದು ಹೇರಳವೆಂದೂ ಹೇಳಿದನು. ‘ದುಂದುಭಿ’ ಎಂಬ ಹೆಸರೂ ಆ ವಾದ್ಯದ ಸದ್ದಿನಿಂದಲೇ ಬಂದಿತೆಂದು ಅವನ ಅಭಿಪ್ರಾಯ. ಆದರೆ ಔಪಮನ್ಯವನೆಂಬ ಇನ್ನೊಬ್ಬ ಆಚಾರ್ಯನು ಇದನ್ನು ಒಪ್ಪಲಿಲ್ಲ. ಶಬ್ದಾನುಕರಣವೆಂಬುದೇ ಇಲ್ಲ, ಪ್ರತಿಯೊಂದು ಹೆಸರಿಗೂ ಧಾತುವಿನಿಂದಲೇ ಅರ್ಥ ಹೇಳಬೇಕು ಎಂಬುದು ಅವನ ಪಕ್ಷ. ಆ ಭಿನ್ನಮತವನ್ನೂ ಯಾಸ್ಕನು ಮುಚ್ಚಿಡದೆ ದಾಖಲೆ ಮಾಡಿಟ್ಟಿರುವುದು ಅವನ ದೊಡ್ಡತನ.

ಪಾಣಿನಿಯು ವಾದದ ಗೋಜಿಗೆ ಹೋಗದೆ ಬಳಕೆಯನ್ನು ನೋಡಿ ಸೂತ್ರ ಬರೆದನು. ಮನುಷ್ಯರ ಸ್ಪಷ್ಟವಾದ ಮಾತಲ್ಲದ ಸದ್ದಿನ ಅನುಕರಣಕ್ಕೆ ‘ಅವ್ಯಕ್ತಾನುಕರಣ’ ಎಂದು ಹೆಸರು. ‘ಪಟಪಟಾ’ ಎಂಬಂಥ ರೂಪ ಹೇಗೆ ಸಿದ್ಧಿಸುತ್ತದೆ ಎನ್ನುವುದಕ್ಕೆ ಅಷ್ಟಾಧ್ಯಾಯಿಯಲ್ಲಿ ಒಂದು ಸೂತ್ರವಿದೆ. ‘ಪಟತ್’ ಎಂಬುದರ ಮುಂದೆ ‘ಇತಿ’ ಬಂದರೆ ‘ಪಟಿತಿ’ ಆಗುವುದೆಂದು ತಿಳಿಸುವುದು ಇನ್ನೊಂದು. ಏನೋ ಒಡೆದ ಸದ್ದಿಗೂ ಪಾಣಿನಿಯ ಲೆಕ್ಕದ ಪುಸ್ತಕದಲ್ಲಿ ಖಾತೆಯುಂಟೆಂದು ತಿಳಿದಾಗ ಗುಮಾಸ್ತರಾದ ನಮಗೆ ಬಹಳ ಸಂತೋಷವಾಯಿತು.

ಪಶ್ಚಿಮದಲ್ಲಿಯೂ ಈ ವಾದ ನಡೆದಿದೆ. ಭಾಷೆಯೆಲ್ಲ ಪ್ರಾಣಿಗಳ ಕೂಗಿನ ಅನುಕರಣದಿಂದಲೇ ಹುಟ್ಟಿತೆನ್ನುವವರನ್ನು ಋಗ್ವೇದವನ್ನು ಅಚ್ಚುಹಾಕಿಸಿದ ಮ್ಯಾಕ್ಸ್ ಮುಲ್ಲರ್ ಪಂಡಿತರು ೧೮೬೧ರ ಉಪನ್ಯಾಸಗಳಲ್ಲಿ ‘ಬೌ-ವೌ ಸಿದ್ಧಾಂತಿಗಳು’ ಎಂದು ಹಾಸ್ಯ ಮಾಡಿದರು. ಅವರ ಹಾಸ್ಯದಲ್ಲಿ ಹುರುಳಿಲ್ಲದಿಲ್ಲ. ಕೋಳಿ ಲೋಕದಲ್ಲೆಲ್ಲ ಒಂದೇ ರೀತಿ ಕೂಗಿದರೂ ಇಂಗ್ಲಿಷರಿಗೆ ಅದು ‘ಕಾಕ್-ಎ-ಡೂಡಲ್-ಡೂ’ ಎಂದೂ, ಫ್ರೆಂಚರಿಗೆ ‘ಕೊಕೊರಿಕೊ’ ಎಂದೂ, ಜರ್ಮನರಿಗೆ ‘ಕಿಕೆರಿಕಿ’ ಎಂದೂ, ನಮ್ಮ ಪುಣೆಯ ನೆರೆಮನೆಯ ಮಕ್ಕಳಿಗೆ ‘ಕುಕೂಚ್ ಕೂ’ ಎಂದೂ, ನಮಗೆ ‘ಕೊಕ್ಕೊಕ್ಕೋ’ ಎಂದೂ ಕೇಳಿಸುತ್ತದೆ. ಸಪ್ಪಳ ಸೃಷ್ಟಿಯದು, ಶಬ್ದ ಮಾತ್ರ ಆಯಾ ಜನರದು. ಪ್ರತಿಯೊಂದು ನುಡಿಯೂ ತನ್ನಲ್ಲಿರುವ ಅಕ್ಷರಗಳಿಂದ, ತನ್ನ ಪದ್ಧತಿಯಿಂದ ಸಪ್ಪಳವನ್ನು ಕಟ್ಟಿಕೊಳ್ಳುತ್ತದೆ. ಆದುದರಿಂದಲೇ ಇವುಗಳಿಗೂ ಇತಿಹಾಸವಿರುವುದು.

ಕನ್ನಡದ ಕವಿಗಳೂ ವೈಯಾಕರಣರೂ

ಕನ್ನಡ ಕಾವ್ಯದ ಮೊದಲ ದಿನಗಳಿಂದಲೂ ಅನುಕರಣ ಶಬ್ದಗಳಿಗೆ ಮಾನವಿದೆ. ಮುಧೋಳದಲ್ಲಿ ೯೪೯ರಲ್ಲಿ ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನನ ಗದಾಯುದ್ಧವನ್ನು ಗಟ್ಟಿಯಾಗಿ ಓದಿದವರು ಯುದ್ಧದ ಭಾಗದಲ್ಲಿ ಗದೆಗಳ ಘಾತವನ್ನು ಕಿವಿಯಿಂದಲೇ ಕೇಳುತ್ತಾರೆ. ಗದುಗಿನ ಕುಮಾರವ್ಯಾಸನ ಯುದ್ಧವರ್ಣನೆಯನ್ನು ಒಳ್ಳೆಯ ಗಮಕಿಗಳು ಓದುವಾಗ ಅರ್ಥ ಪೂರ್ತಿ ತಿಳಿಯದ ಹಳ್ಳಿಗರೂ ಎದ್ದು ಕೂಡುವುದುಂಟು. ಮಂಗಳೂರು ಸೀಮೆಯ ಪಂಜೆ ಮಂಗೇಶರಾಯರು (೧೮೭೪–೧೯೩೭) ‘ತೆಂಕಣ ಗಾಳಿಯಾಟ’ದಲ್ಲಿ ಮಕ್ಕಳಿಗೆ ಗಾಳಿಯ ಸಪ್ಪಳವನ್ನೇ ಕೇಳಿಸಿರುವರು.

ವ್ಯಾಕರಣದ ಕಡೆಗೆ ಬಂದರೆ, ಹೊಯ್ಸಳರ ಕಾಲದ ಕೇಶಿರಾಜನ ಹೆಸರನ್ನು ಹೇಳಬೇಕು. ಈತನು ಸೂಕ್ತಿಸುಧಾರ್ಣವವನ್ನು ಸಂಕಲಿಸಿದ ಮಲ್ಲಿಕಾರ್ಜುನನ ಮಗ, ಜನ್ನ ಕವಿಯ ಸೋದರಳಿಯ. ಸುಮಾರು ೧೨೬೦ರಲ್ಲಿ ಈತನು ರಚಿಸಿದ ಶಬ್ದಮಣಿದರ್ಪಣವು ಹಳಗನ್ನಡಕ್ಕೆ ಕನ್ನಡದಲ್ಲಿಯೇ, ಕಂದಪದ್ಯಗಳಲ್ಲಿ ಬರೆದ ವ್ಯಾಕರಣ. ಅದರ ಅವ್ಯಯ ಪ್ರಕರಣದಲ್ಲಿ ಅನುಕರಣ ಶಬ್ದಗಳಿಗೂ ಸ್ಥಾನವಿದೆ. ಅವ್ಯಯವೆಂದರೆ ಲಿಂಗ, ವಚನ, ವಿಭಕ್ತಿಗಳಿಂದ ರೂಪ ಬದಲಾಗದ ಪದ. ‘ಮರವನ್ನು’, ‘ಮರದಿಂದ’ ಎನ್ನುವ ಹಾಗೆ ‘ಜಿಟಿಜಿಟಿಯನ್ನು’, ‘ಜಿಟಿಜಿಟಿಯಿಂದ’ ಎನ್ನುವುದಿಲ್ಲವಷ್ಟೆ? ಕವಿಗಳ ಪ್ರಯೋಗಗಳನ್ನು ಉದಾಹರಿಸಿ ನಿಯಮ ಹೇಳಿದ ಈ ಪಂಡಿತನು ಇವುಗಳನ್ನು ಕೀಳು ಮಾತೆಂದು ಹೊರಗಿಡಲಿಲ್ಲ.

ಆರು ನೂರು ವರ್ಷಗಳ ಅನಂತರ ಅದೇ ಶಬ್ದಮಣಿದರ್ಪಣವನ್ನು ೧೮೭೨ರಲ್ಲಿ ಮಂಗಳೂರಿನಲ್ಲಿ ಅಚ್ಚುಹಾಕಿಸಿದವರು ಜರ್ಮನಿಯಿಂದ ಬಂದ ಫರ್ಡಿನಾಂಡ್ ಕಿಟ್ಟೆಲ್ಲರು (೧೮೩೨–೧೯೦೩). ೧೮೯೪ರಲ್ಲಿ ಹೊರಬಂದ ಅವರ ಕನ್ನಡ–ಇಂಗ್ಲಿಷ್ ನಿಘಂಟಿನಲ್ಲಿ ಚಟಚಟ, ಪಟಪಟಗಳಿಗೂ ಜಾಗವಿದೆ. ಅವು ಅನುಕರಣ ಧ್ವನಿಗಳೆಂದು ಗುರುತು ಮಾಡಿರುವರು. ಪರದೇಶದಿಂದ ಬಂದ ಪಾದ್ರಿಯೊಬ್ಬರು ನಮ್ಮ ಅಡಿಗೆಮನೆಯ, ಹೊಲದ, ಮಳೆಯ ಸಪ್ಪಳಗಳನ್ನು ಜನರ ಬಾಯಿಂದ ಕೇಳಿ ಕೇಳಿ ಬರೆದುಕೊಂಡಿದ್ದನ್ನು ನೆನೆದರೆ ಅವರಿಗೆ ಕೈಮುಗಿಯಬೇಕೆನಿಸುತ್ತದೆ.

ಸಪ್ಪಳವೂ ಮಾತಾಡುತ್ತದೆ

ಇನ್ನು ಈ ಶಬ್ದಗಳು ಕನ್ನಡದಲ್ಲಿ ಕೆಲಸ ಮಾಡುವ ರೀತಿಯನ್ನು ಸ್ವಲ್ಪ ನೋಡೋಣ.

ಮೊದಲನೆಯದು, ಒಂದು ಸಲ ಆದದ್ದಕ್ಕೂ ಹಲವು ಸಲ ಆದದ್ದಕ್ಕೂ ಬೇರೆ ಬೇರೆ ರೂಪ. ಒಂದು ಲಾಟೀನಿನ ಗಾಜು ‘ಪಟ್ಟನೆ’ ಒಡೆಯುತ್ತದೆ. ದೀಪಾವಳಿಯ ಸರ ‘ಪಟಪಟ’ ಸಿಡಿಯುತ್ತದೆ. ಎರಡನೆಯದು, ಸ್ವರದ ಗಾತ್ರ. ಸಣ್ಣ ಸದ್ದಿಗೆ ಇಕಾರ, ದೊಡ್ಡದಕ್ಕೆ ಅಕಾರ ಅಥವಾ ಒಕಾರ. ಒಲೆಯ ಕಿಡಿ ‘ಚಿಟಿಚಿಟಿ’. ಕಾಡಿನ ಬೆಂಕಿ ‘ಚಟಚಟ’. ಪೂಜೆಯ ಕಿರುಗಂಟೆ ‘ಟಿಣ್’. ಗುಡಿಯ ಗಂಟೆ ‘ಢಣ್’. ಅಮೆರಿಕದ ಎಡ್ವರ್ಡ್ ಸಪೀರ್ ಎಂಬ ವಿದ್ವಾಂಸರು ೧೯೨೯ರಲ್ಲಿ ಪ್ರಕಟಿಸಿದ ಒಂದು ಪರೀಕ್ಷೆಯಲ್ಲಿ ‘ಮಿಲ್’, ‘ಮಲ್’ ಎಂಬ ಅರ್ಥವಿಲ್ಲದ ಎರಡು ಶಬ್ದಗಳನ್ನು ಕೊಟ್ಟು, ಯಾವುದು ದೊಡ್ಡ ಮೇಜು, ಯಾವುದು ಸಣ್ಣದು ಎಂದು ಕೇಳಿದಾಗ ಬಹುಮಂದಿ ‘ಮಲ್’ ದೊಡ್ಡದೆಂದರಂತೆ. ನಮ್ಮ ಮನೆಯ ಮುದುಕಿಯರು ಈ ಪರೀಕ್ಷೆಯನ್ನು ಯಾವ ಕಾಲಕ್ಕೋ ಮುಗಿಸಿದ್ದರು.

ಮೂರನೆಯದು ಬಹಳ ಸ್ವಾರಸ್ಯವಾದದ್ದು. ಹಳೆಯ ದ್ರಾವಿಡ ನುಡಿಯಲ್ಲಿ ಪದಗಳ ಮೊದಲಿಗೆ ಟ, ಡ ಗಳೂ ರ, ಲ ಗಳೂ ಬರುತ್ತಿರಲಿಲ್ಲವೆಂದು ಭಾಷಾವಿದರು ಹೇಳುತ್ತಾರೆ. ಘ, ಧ, ಭ ಮುಂತಾದ ಮಹಾಪ್ರಾಣಗಳೂ ಅಚ್ಚಗನ್ನಡ ಪದಗಳಿಗೆ ಸಹಜವಲ್ಲ. ಆದರೆ ಅನುಕರಣ ಶಬ್ದಗಳನ್ನು ನೋಡಿರಿ: ಟಕಟಕ, ಡಬಡಬ, ರಪರಪ, ಲಟಲಟ, ಘಮಘಮ, ಧಗಧಗ, ಭುಗಿಲ್! ನಮ್ಮ ಕೌಂಟರಿನಲ್ಲಿ ಎಲ್ಲರಿಗೂ ಒಂದು ನಿಯಮ. ಆದರೆ ಅಳುವ ಕೂಸನ್ನು ಎತ್ತಿಕೊಂಡು ಬಂದ ತಾಯಿಗೆ ಸಾಲು ಬಿಟ್ಟು ಮುಂದೆ ಬರಲು ದಾರಿ ಮಾಡಿಕೊಡುತ್ತೇವೆ. ಅದರಂತೆಯೇ ಭಾಷೆಯು ತನ್ನ ಮನೆಯ ಕಟ್ಟಳೆಯನ್ನು ಈ ಶಬ್ದಗಳಿಗಾಗಿ ಸಡಿಲಿಸಿದೆ.

ಅಷ್ಟೇ ಅಲ್ಲ, ಇವುಗಳ ಅಧಿಕಾರ ಕಿವಿಗೆ ಮಾತ್ರ ಸೀಮಿತವೂ ಅಲ್ಲ. ಬಂಗಾರ ಥಳಥಳ ಹೊಳೆಯುತ್ತದೆ. ಮಲ್ಲಿಗೆ ಘಮಘಮ ಎನ್ನುತ್ತದೆ. ಗಾಯ ಚುರುಚುರು ಎನ್ನುತ್ತದೆ. ಸಂತೆ ಗಿಜಿಗಿಜಿ ಎನ್ನುತ್ತದೆ. ಬೆಳಕಿಗೆಲ್ಲಿಯ ಸದ್ದು? ವಾಸನೆಗೆಲ್ಲಿಯ ಸದ್ದು? ಆದರೂ ಕಣ್ಣು, ಮೂಗು, ಚರ್ಮ ಎಲ್ಲವೂ ತಮ್ಮ ಅನುಭವವನ್ನು ನಾಲಗೆಯ ಕೈಗೆ ಕೊಟ್ಟು ಸದ್ದು ಮಾಡಿಸುತ್ತವೆ.

ಕೊನೆಯದಾಗಿ, ನಮಗೆ ಎಲ್ಲಕ್ಕಿಂತ ಹಿರಿದಾಗಿ ಕಂಡ ಸಂಗತಿ. ‘ಪಟ್ಟನೆ’, ‘ಥಟ್ಟನೆ’, ‘ಸರ್ರನೆ’ ಎಂಬವುಗಳ ಕೊನೆಯ ‘ನೆ’ ಯಾವುದು? ಹಳಗನ್ನಡದಲ್ಲಿ ‘ಭುಗಿಲೆನೆ’, ‘ಭೋರೆನೆ’ ಎಂದು ಪೂರ್ತಿ ಕಾಣುವ ‘ಎನೆ’ ಅದು. ‘ಎನ್’ ಧಾತುವಿನ ರೂಪ. ‘ಎನ್’ ಎಂದರೆ ಹೇಳು, ನುಡಿ. ಆಡುಮಾತಿನಲ್ಲಿ “ಧೊಪ್ ಅಂತ ಬಿದ್ದ” ಎನ್ನುವಾಗಲೂ ಅದೇ. “ನಾಳೆ ಬರ್ತೀನಿ ಅಂತ ಹೇಳಿದ” ಎನ್ನುವಲ್ಲಿ ಮನುಷ್ಯನ ಮಾತಿಗೆ ಹಚ್ಚುವ ‘ಅಂತ’ವನ್ನೇ ನಾವು ಬಿದ್ದ ಕಲ್ಲಿಗೂ ಹಚ್ಚುತ್ತೇವೆ. ಅಂದರೆ ಕನ್ನಡಿಗನ ದೃಷ್ಟಿಯಲ್ಲಿ ಕಲ್ಲು, ಮಳೆ, ಒಗ್ಗರಣೆ, ಗಾಳಿ ಎಲ್ಲವೂ ತಮ್ಮ ಮಾತನ್ನು ತಾವೇ ಆಡುತ್ತವೆ. ನಾವು ಅದನ್ನು ಇದ್ದಂತೆಯೇ ವರದಿ ಮಾಡುವವರು ಮಾತ್ರ. ತಮಿಳಿನ ‘ಎನ’ವೂ ಇದೇ ಕೆಲಸ ಮಾಡುತ್ತದೆ, ಸಂಸ್ಕೃತದ ‘ಇತಿ’ಯೂ ಮಾಡುತ್ತದೆ. ಮರಾಠಿಯಲ್ಲಿ ‘ಪಟಕನ್’, ‘ಧಪಕನ್’ ಎಂಬ ‘ಕನ್’ ಈ ಸ್ಥಾನದಲ್ಲಿ ಹೆಚ್ಚಾಗಿ ಬರುವುದನ್ನು ಇಲ್ಲಿ ದಿನವೂ ಕೇಳುತ್ತೇವೆ.

ನಮ್ಮ ಪುಣೆಯ ಪಾಲು

ಈ ಇತಿಹಾಸದಲ್ಲಿ ನಾವು ವಾಸವಾಗಿರುವ ಪುಣೆಗೂ ಒಂದು ಪಾಲಿದೆಯೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿದಿರಲಾರದು. ಯೆರವಡೆಯ ಕಡೆಗೆ ಹೋಗುವಾಗ ಕಾಣುವ ಡೆಕ್ಕನ್ ಕಾಲೇಜು ೧೮೨೧ರಲ್ಲಿ ಸಂಸ್ಕೃತ ಪಾಠಶಾಲೆಯಾಗಿ ಆರಂಭವಾಗಿ, ೧೯೩೯ರಲ್ಲಿ ಸಂಶೋಧನ ಸಂಸ್ಥೆಯಾಗಿ ಹೊಸ ಜನ್ಮ ಪಡೆಯಿತು. ಅದರ ಪ್ರಬಂಧಮಾಲೆಯ ಮೊದಲನೆಯ ಗ್ರಂಥವೇ ಕನ್ನಡವನ್ನು ಕುರಿತದ್ದು: ಶಾಸನಗಳ ಆಧಾರದಿಂದ ಡಾ. ಜಿ. ಎಸ್. ಗಾಯಿಯವರು ರಚಿಸಿದ ಹಳಗನ್ನಡದ ಐತಿಹಾಸಿಕ ವ್ಯಾಕರಣ, ೧೯೪೬. ಅಮೆರಿಕದ ವಿಲಿಯಂ ಬ್ರೈಟ್ ಅವರು ಆಡುಗನ್ನಡವನ್ನು ಕುರಿತು ಬರೆದ ಪುಸ್ತಕವನ್ನು ೧೯೫೮ರಲ್ಲಿ ಇದೇ ಸಂಸ್ಥೆ ಪ್ರಕಟಿಸಿತು. ೧೯೬೦ರ ದಶಕದ ಕೊನೆಯಲ್ಲಿ ಹಾಲಕ್ಕಿ ಕನ್ನಡ, ಗುಲ್ಬರ್ಗಾ ಕನ್ನಡ, ನಂಜನಗೂಡು ಕನ್ನಡಗಳ ವರ್ಣನೆಗಳೂ ಇಲ್ಲಿಂದಲೇ ಹೊರಬಂದವು. ಜನರು ನಿಜವಾಗಿ ಆಡುವ ಮಾತು ಅಭ್ಯಾಸಕ್ಕೆ ಯೋಗ್ಯವೆಂಬ ತಿಳಿವಳಿಕೆಯನ್ನು ಬೆಳೆಸಿದ ಕೇಂದ್ರಗಳಲ್ಲಿ ನಮ್ಮ ಊರೂ ಒಂದು.

ಅನುಕರಣ ಶಬ್ದಗಳ ವಿಷಯದಲ್ಲಿ ಮಹತ್ತ್ವದ ಕೆಲಸ ಮಾಡಿದವರು ಮರ್ರೆ ಎಮೆನೋ (೧೯೦೪–೨೦೦೫). ೧೯೩೫ರಿಂದ ೧೯೩೮ರವರೆಗೆ ನೀಲಗಿರಿಯಲ್ಲಿಯೂ ಕೊಡಗಿನಲ್ಲಿಯೂ ಇದ್ದು ತೋಡ, ಕೋತ, ಕೊಡವ ನುಡಿಗಳನ್ನು ಅಭ್ಯಾಸ ಮಾಡಿದ ಇವರು, ಥಾಮಸ್ ಬರೋ ಅವರೊಡನೆ ೧೯೬೧ರಲ್ಲಿ ದ್ರಾವಿಡ ಭಾಷೆಗಳ ವ್ಯುತ್ಪತ್ತಿ ಕೋಶವನ್ನು ಹೊರತಂದರು. ೧೯೬೯ರಲ್ಲಿ ಭಾರತದ ಅನುಕರಣ ಶಬ್ದಗಳ ಮೇಲೆ ಒಂದು ದೊಡ್ಡ ಲೇಖನ ಬರೆದರು. ಅವರ ವಾದದ ಸಾರ ಹೀಗಿದೆ: ಋಗ್ವೇದದಲ್ಲಿ ಇಮ್ಮಡಿಸಿದ ಅನುಕರಣ ಶಬ್ದಗಳು ತೀರ ವಿರಳ, ಬರಬರುತ್ತ ಸಂಸ್ಕೃತದಲ್ಲಿ ಹೆಚ್ಚಾದವು, ಈಗಿನ ಮರಾಠಿ, ಹಿಂದಿ ಮೊದಲಾದ ಭಾಷೆಗಳಲ್ಲಿ ಹೇರಳವಾಗಿವೆ. ದ್ರಾವಿಡ ಭಾಷೆಗಳಲ್ಲಿಯಾದರೋ ಅವು ಎಲ್ಲೆಲ್ಲಿಯೂ ಇವೆ. ಎರಡು ಕುಲಗಳಲ್ಲಿಯೂ ಒಂದೇ ಅಚ್ಚಿನ ಶಬ್ದಗಳು ಎಷ್ಟೋ ಸಿಕ್ಕುತ್ತವೆ. ಆದ್ದರಿಂದ ಇವು ನೆರೆಹೊರೆಯಲ್ಲಿ ಹರಡಿದ ಆಸ್ತಿ. ಹರಡಿದ್ದು ಬಹುಶಃ ದ್ರಾವಿಡದ ಕಡೆಯಿಂದ.

ಈ ಮಾತನ್ನು ಪರೀಕ್ಷಿಸಲು ನಮಗೆ ಗ್ರಂಥಾಲಯಕ್ಕೆ ಹೋಗಬೇಕಾಗಿಲ್ಲ. ನಮ್ಮ ಮಳೆಯೂ ಪುಣೆಯವರ ಮಳೆಯೂ ‘ಧೋ ಧೋ’ ಎಂದೇ ಸುರಿಯುತ್ತದೆ. ನಮ್ಮ ‘ಜುಳುಜುಳು’ ಅವರಲ್ಲಿ ‘ಝುಳಝುಳ’. ‘ಪಟಪಟ’, ‘ಥರಥರ’ಗಳು ಎರಡೂ ಕಡೆ ಒಂದೇ. ಮೋಟಾರು ಸೈಕಲ್ಲಿಗೆ ನಮ್ಮ ಉತ್ತರ ಕರ್ನಾಟಕದವರೂ ಮರಾಠಿಗರೂ ಅದರ ಸದ್ದಿನಿಂದಲೇ ‘ಫಟಫಟಿ’ ಎಂದು ಹೆಸರಿಟ್ಟರು. ಕೆಲವು ಶಬ್ದಗಳು ಮಾತ್ರ ಗಡಿ ದಾಟುವಾಗ ಕೆಲಸ ಬದಲಿಸುತ್ತವೆ. ಮರಾಠಿಯಲ್ಲಿ ‘ಗಡಗಡ’ ಎಂದರೆ ಗುಡುಗಿನ ಸದ್ದು. ನಮ್ಮಲ್ಲಿ ಗುಡುಗು ‘ಗುಡುಗುಡು’ ಎನ್ನುತ್ತದೆ, ಚಳಿಗೆ ನಡುಗುವವನು ‘ಗಡಗಡ’ ಎನ್ನುತ್ತಾನೆ. ಇಲ್ಲಿ ಬೆಳೆದ ಮಗು ಊರಿಗೆ ಹೋಗಿ ಮೋಡ ‘ಗಡಗಡ’ ಅನ್ನಾಕತ್ತೈತಿ ಎಂದರೆ, ಪಾಪ ಮೋಡಕ್ಕೆ ಚಳಿಯಾಯಿತೇನೋ ಎಂದು ಅಜ್ಜಿ ತಿಳಿಯುವರು!

ಹೀಗಿರುವಾಗ ಇದು ನಮ್ಮದು, ಅದು ಅವರದು ಎಂದು ಗೆರೆ ಎಳೆಯುವುದು ಕಷ್ಟ, ಅನಾವಶ್ಯಕವೂ ಹೌದು. ೧೯೧೮ರಲ್ಲಿ ಇಲ್ಲಿಯ ಫರ್ಗ್ಯುಸನ್ ಕಾಲೇಜಿನಿಂದ ಪದವಿ ಪಡೆದ ದ. ರಾ. ಬೇಂದ್ರೆಯವರ ಮನೆಮಾತು ಮರಾಠಿ. ೧೯೩೮ರಲ್ಲಿ ‘ನಾದಲೀಲೆ’ ಎಂಬ ಸಂಗ್ರಹವನ್ನು ಕೊಟ್ಟು ಕನ್ನಡದ ನಾದವನ್ನು ಕನ್ನಡಿಗರಿಗೇ ಹೊಸದಾಗಿ ಕೇಳಿಸಿದವರು ಅವರು. ಎರಡು ನುಡಿಗಳ ನಡುವೆ ಬೆಳೆಯುವ ನಮ್ಮ ಮಕ್ಕಳ ಕಿವಿಗೆ ಮರಾಠಿಯಿಂದ ನಷ್ಟವಾಗುತ್ತಿದೆಯೆಂದು ನಾವು ಹೇಳಲಾರೆವು. ಕನ್ನಡದ ಸದ್ದು ಅವರ ಕಿವಿಗೆ ಬೀಳದಿರುವುದೇ ನಷ್ಟ.

ಒಂದು ಸೋತ ಪ್ರಯತ್ನ

ಆ ಭಾನುವಾರದ ಅನಂತರ ನಾವು ಒಂದು ಅವಿವೇಕ ಮಾಡಿದೆವು. ಲೆಕ್ಕಿಗರ ಬುದ್ಧಿ, ಪಟ್ಟಿ ಮಾಡಿದರೆ ಎಲ್ಲ ಸರಿಹೋಗುವುದೆಂಬ ನಂಬಿಕೆ. ನೋಟುಪುಸ್ತಕದ ಒಂದು ಹಾಳೆಯ ಮೇಲೆ ಗೆರೆ ಹಾಕಿ ಇಪ್ಪತ್ತು ಅನುಕರಣ ಶಬ್ದಗಳನ್ನು ಬರೆದು, ಎದುರಿಗೆ ಅರ್ಥ ಬರೆದು, ಮಗಳಿಗೆ ಬಾಯಿಪಾಠ ಮಾಡಿಸಿದೆವು. ಮುಂದಿನ ವಾರ ಅವಳು ಬಹಳ ಉತ್ಸಾಹದಿಂದ ಟೆಲಿಫೋನು ಹಿಡಿದು, “ಅಜ್ಜಿ, ಇವತ್ತ ಮಳಿ ಕೊತಕೊತ ಬರಾಕತ್ತೈತಿ” ಎಂದಳು.

ಕೊತಕೊತ ಕುದಿಯುವುದು ಒಲೆಯ ಮೇಲಿನ ಸಾರು. ನಮ್ಮ ತಾಯಿಯವರು ನಕ್ಕ ನಗೆ ನಮ್ಮ ತನಕ ಕೇಳಿಸಿತು. ಆಮೇಲೆ ಟೆಲಿಫೋನನ್ನು ನಮ್ಮ ಕೈಗೆ ಕೊಡಿಸಿ, “ಹಾಳ್ಯಾಗ ಬರದ್ರ ಸಪ್ಪಳ ಬರೂದಿಲ್ಲೋ ತಮ್ಮಾ. ಕೇಳಿಸಿಕೊಂಡ್ರ ಬರ್ತೈತಿ,” ಎಂದರು.

ಅದೇ ನಿಜ. ಬೇರೆ ಶಬ್ದಗಳನ್ನು ನಿಘಂಟಿನಿಂದ ಕಲಿಯಬಹುದು. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟಿನ ಎಂಟು ಸಂಪುಟಗಳು ೧೯೭೦ರಿಂದ ೧೯೯೫ರವರೆಗೆ ಅಚ್ಚಾಗಿ ನಮ್ಮ ಮುಂದೆ ಇವೆ; ನಮ್ಮ ಭಾಷೆಯ ದೊಡ್ಡ ಠೇವಣಿ ಅದು. ಆದರೆ ‘ಚುಂಯ್’ ಎಂಬುದರ ಅರ್ಥ ಒಗ್ಗರಣೆಯ ಎದುರಿಗೆ ನಿಂತಾಗಲೇ ತಿಳಿಯುವುದು. ಹಿಂದಿನ ಕಾಲದಲ್ಲಿ ಬೆಳ್ಳಿಯ ರೂಪಾಯಿಯನ್ನು ಕಲ್ಲಿನ ಮೇಲೆ ಬಡಿದು, ‘ಠಣ್’ ಎಂದರೆ ಸಾಚಾ, ‘ಠಪ್’ ಎಂದರೆ ಖೋಟಾ ಎಂದು ತಿಳಿಯುತ್ತಿದ್ದರು. ಆ ವಿದ್ಯೆಯನ್ನು ಯಾವ ಬ್ಯಾಂಕಿನ ಕೈಪಿಡಿಯೂ ಕಲಿಸಲಾರದು; ಹಿರಿಯ ಶರಾಫನ ಪಕ್ಕದಲ್ಲಿ ಕೂತು ಕಲಿಯಬೇಕು. ಕೇಶಿರಾಜನಿಂದ ಕಿಟ್ಟೆಲ್ಲರವರೆಗೆ ಪಂಡಿತರೆಲ್ಲ ಈ ಶಬ್ದಗಳನ್ನು ಬರೆದಿಟ್ಟರು. ಆದರೆ ಅವುಗಳನ್ನು ತಲೆಮಾರಿನಿಂದ ತಲೆಮಾರಿಗೆ ದಾಟಿಸಿದವರು ರೊಟ್ಟಿ ಬಡಿಯುತ್ತ, ಬೀಸುತ್ತ, ಮಕ್ಕಳನ್ನು ಮಲಗಿಸುತ್ತ ಮಾತಾಡಿದ ಹೆಂಗಸರು. ಪರಸ್ಥಳದಲ್ಲಿರುವ ನಮ್ಮ ಮನೆಗಳಲ್ಲಿ ಈ ದಾಟುವಿಕೆ ನಿಂತರೆ, ನಿಂತದ್ದು ಸಹ ಯಾರಿಗೂ ತಿಳಿಯಲಾರದು; ಏಕೆಂದರೆ ಯಾವ ಪರೀಕ್ಷೆಯಲ್ಲಿಯೂ ಇದಕ್ಕೆ ಅಂಕಗಳಿಲ್ಲ.

ಗಣಪತಿ ಹಬ್ಬದ ರಜೆಯಲ್ಲಿ ಮಗಳನ್ನು ಊರಿಗೆ ಕರೆದುಕೊಂಡು ಹೋಗಿ ಹತ್ತು ದಿನ ಅಜ್ಜಿಯ ಬಳಿ ಬಿಟ್ಟೆವು. ಅಲ್ಲಿ ಅವರು ಅವಳಿಗೆ ಪಾಠವನ್ನೇನೂ ಹೇಳಲಿಲ್ಲ. ತಮಗೆ ಕಣ್ಣು ಕಾಣದಿರುವುದರಿಂದ, “ಅಲ್ಲೇನು ಸಪ್ಪಳಾತು ನೋಡವ್ವಾ,” “ಹಾಲು ಉಕ್ಕಾಕ ಬಂತೇನು ಕೇಳು,” ಎಂದು ದಿನವೆಲ್ಲ ಅವಳನ್ನು ಕೆಲಸಕ್ಕೆ ಹಚ್ಚಿದರು. ಅಷ್ಟೇ.

ಹಿಂತಿರುಗಿ ಬಂದ ಮೇಲೆ ಮೊದಲ ಭಾನುವಾರ. ಇಲ್ಲಿ ಮಳೆ ಬಂದು ನಿಂತಿತ್ತು. ಮೇಲಿನ ಮನೆಯಿಂದ ನಮ್ಮ ಬಾಲ್ಕನಿಯ ತಗಡಿನ ಮೇಲೆ ನೀರು ಬೀಳುತ್ತಿತ್ತು. ಅಜ್ಜಿ ವಾಡಿಕೆಯಂತೆ ಕೇಳಿದರು. ಮಗಳು ಈ ಸಲ ನಮ್ಮ ಕಡೆ ನೋಡಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಕಿವಿಗೊಟ್ಟು, “ಅಜ್ಜಿ, ತಗಡಿನ ಮ್ಯಾಲೆ ತೊಟಕ್... ತೊಟಕ್... ಅಂತೈತಿ,” ಎಂದಳು.

‘ತೊಟಕ್’ ಎಂಬ ಶಬ್ದವನ್ನು ನಾವು ಎಲ್ಲಿಯೂ ಕೇಳಿರಲಿಲ್ಲ. ನಮ್ಮ ಪಟ್ಟಿಯಲ್ಲಿಯೂ ಅದು ಇರಲಿಲ್ಲ. ಸರಿಯೋ ತಪ್ಪೋ ಎಂದು ನಾವು ಯೋಚಿಸುತ್ತಿರುವಷ್ಟರಲ್ಲಿ ಆ ಕಡೆಯಿಂದ ಉತ್ತರ ಬಂದಿತು: “ಹಂಗಾರ ಮಳಿ ನಿಂತೈತಿ. ಒಣಗಾಕ ಹಾಕಿದ ಅರಿವಿ ಒಳಗ ತಂದೀರಿಲ್ಲೋ?”

ಅರಿವೆಗಳನ್ನು ತಂದಿರಲಿಲ್ಲ. ಅವು ಪೂರ್ತಿ ತೊಯ್ದಿದ್ದವು.

ವಾಚಕರಲ್ಲಿ ನಮ್ಮದೊಂದೇ ವಿನಂತಿ. ನಿಮ್ಮ ಮನೆಯ ಹಿರಿಯರೂ ಊರಲ್ಲಿ ಟೆಲಿಫೋನಿನ ಆ ಕಡೆ ಕೂತಿರಬಹುದು. ಇಲ್ಲಿಯ ಮಳೆ ಹೇಗಿದೆಯೆಂದು ಅವರು ಕೇಳಿದರೆ ನೀವು ಉತ್ತರ ಕೊಡಬೇಡಿರಿ. ಕಿಟಕಿ ತೆರೆದು ಮಕ್ಕಳ ಕೈಗೆ ಟೆಲಿಫೋನು ಕೊಡಿರಿ.